ಆಕಾಶಕ್ಕೆ ಬೈದವಳು: ಒಂದು ಚೀನೀ ನಾಟಕ ಕ್ಲಾಸಿಕ್ ಆದ ಕಥೆ

ಮೂರನೇ ಅಂಕ. ಇಪ್ಪತ್ತು ವರ್ಷದ ಹೆಂಗಸೊಬ್ಬಳನ್ನು ತಲೆ ಕಡಿಯಲು ಕರೆದುಕೊಂಡು ಹೋಗುತ್ತಿದ್ದಾರೆ. ಕೊರಳಿಗೆ ಮರದ ಹಲಗೆ ತೊಡಿಸಿದ್ದಾರೆ. ಕೊಲೆ ಮಾಡಿದ್ದು ಅವಳಲ್ಲ, ಅದು ನೋಡುತ್ತಾ ಕೂತವರಿಗೆಲ್ಲ ಗೊತ್ತು. ಅವಳು ದಾರಿಯಲ್ಲೇ ಹಾಡಲು ಶುರು ಮಾಡುತ್ತಾಳೆ. ಒಳ್ಳೆಯವರು ಬಡತನದಲ್ಲಿ ಬೆಂದು ಬೇಗ ಸಾಯುತ್ತಾರೆ, ಕೆಟ್ಟವರು ಸಿರಿತನದಲ್ಲಿ ಮೆರೆದು ಬಹಳ ಕಾಲ ಬಾಳುತ್ತಾರೆ ಎನ್ನುತ್ತಾಳೆ. ಕೊನೆಗೆ ನೆಲ ಮುಗಿಲು ಎರಡಕ್ಕೂ ಒಟ್ಟಿಗೆ ಬೈಯುತ್ತಾಳೆ:

"ಭೂಮಿಯೇ, ಒಳ್ಳೆಯದು ಕೆಟ್ಟದ್ದು ತಿಳಿಯದ ನೀನು ಎಂಥ ಭೂಮಿ! ಆಕಾಶವೇ, ಒಳ್ಳೆಯವರು ಯಾರು ಮೂಢರು ಯಾರು ಅಂತ ತಪ್ಪು ತೀರ್ಪು ಕೊಟ್ಟ ನೀನು ಆಕಾಶವಾಗಿದ್ದೂ ದಂಡ!"

ಅನುವಾದ ನನ್ನದು, ಸ್ವಲ್ಪ ಸಡಿಲ. ಚೀನೀ ನಾಟಕದಲ್ಲಿ ಇದಕ್ಕಿಂತ ಹೆಸರುವಾಸಿಯಾದ ಸಾಲು ಹುಡುಕುವುದು ಕಷ್ಟ. ನಾಟಕದ ಹೆಸರು 'ದೌ ಎಗೆ ಆದ ಅನ್ಯಾಯ'. ಬರೆದವನು ಗುವಾನ್ ಹಾನ್‌ಚಿಂಗ್, 13ನೇ ಶತಮಾನದವನು, ಮಂಗೋಲರ ಆಳ್ವಿಕೆಯ ಕಾಲದವನು. ಆ ಕಾಲದಲ್ಲಿ ದೇವರಂಥ ಆಕಾಶಕ್ಕೆ ಮುಖಕ್ಕೆ ಹೊಡೆದ ಹಾಗೆ ಹೀಗೆ ಹೇಳಿಸಿದ ನಾಟಕಕಾರ ಎಂಥ ಗಟ್ಟಿಗ ಅನಿಸುತ್ತೆ, ಅಲ್ವಾ?

ಈಗ ಇದೇ ಹಾಡನ್ನು ಇನ್ನೊಂದು ಮುದ್ರಣದಲ್ಲಿ ನೋಡೋಣ. ಇದು 16ನೇ ಶತಮಾನದ ಕೊನೆಯದ್ದು. ಮೇಲಿನ ಸಾಲು ಇರುವ ಪುಸ್ತಕಕ್ಕಿಂತ ಮೂವತ್ತು ವರ್ಷವೂ ಹಳೆಯದಲ್ಲ, ಆದರೆ ಹಳೆಯದು. ಅದರಲ್ಲಿ ಹೀಗಿದೆ:

"ಭೂಮಿಯೇ, ಒಳ್ಳೆಯದು ಕೆಟ್ಟದ್ದು ತಿಳಿಯದೆ ನೀನು ಭೂಮಿ ಅನಿಸಿಕೊಳ್ಳುವುದು ಕಷ್ಟ. ಆಕಾಶವೇ, ಅನ್ಯಾಯ ಹೊತ್ತುಕೊಂಡ ನಾನು ಇವತ್ತು ನಿನ್ನ ಮುಂದೆ ಗೋಳಿಡುತ್ತಿದ್ದೇನೆ."

ಆಮೇಲೆ ಒಂದು ಚಿಕ್ಕ ಸಾಲು. ಕೇಳುವವರೇ ಇಲ್ಲ, ನನ್ನಷ್ಟಕ್ಕೆ ನಾನೇ ಮಾತಾಡಿಕೊಳ್ಳುವಂತಾಯಿತು ಅಂತ. ಇಲ್ಲಿ ಭೂಮಿಗೆ ಒಂದು ಮಾತು ಚುಚ್ಚಿದ್ದಾಳೆ, ನಿಜ. ಆದರೆ ಆಕಾಶಕ್ಕೆ ಬೈದಿಲ್ಲ. ಅದರ ಮುಂದೆ ಅತ್ತಿದ್ದಾಳೆ. ಒಂದರಲ್ಲಿ ಅವಳು ಆರೋಪ ಮಾಡುವವಳು, ಇನ್ನೊಂದರಲ್ಲಿ ಬೇಡುವವಳು.

ಹಾಗಾದರೆ ಆಕಾಶಕ್ಕೆ ಬೈದಿದ್ದು ಯಾರು? ದೌ ಎಯಾ, ಗುವಾನ್ ಹಾನ್‌ಚಿಂಗನಾ, ಅಥವಾ ಮುನ್ನೂರು ವರ್ಷ ಆದ ಮೇಲೆ ಕೈಯಲ್ಲಿ ಕುಂಚ ಹಿಡಿದು ಕೂತಿದ್ದ ಒಬ್ಬ ಸಂಪಾದಕನಾ? ಈ ಪ್ರಶ್ನೆ ಹಿಡಿದುಕೊಂಡು ಹೋದರೆ ಚೀನಾದ ಹಳೆಯ ನಾಟಕಗಳನ್ನು ಆಮೇಲಿನ ವಿಮರ್ಶಕರು ಹೇಗೆ ಎತ್ತಿ ನಿಲ್ಲಿಸಿದರು ಅನ್ನುವುದು ಪೂರ್ತಿ ಸಿಗುತ್ತದೆ. ಎತ್ತಿ ನಿಲ್ಲಿಸುವಾಗ ಅವರು ಅದರ ಕೈಕಾಲು ಕೂಡ ಸ್ವಲ್ಪ ತಿದ್ದಿದರು.

ಮೊದಲು ಕಥೆ. ದೌ ಥಿಯಾನ್‌ಝಾಂಗ್ ಒಬ್ಬ ಬಡ ವಿದ್ಯಾವಂತ. ಸಾಯ್ ಅನ್ನುವ ವಿಧವೆಯ ಹತ್ತಿರ ಇಪ್ಪತ್ತು ತೊಲ ಬೆಳ್ಳಿ ಸಾಲ ಮಾಡಿದ್ದಾನೆ. ಬಡ್ಡಿ ಸೇರಿ ಅದು ನಲವತ್ತಾಗಿದೆ. ತೀರಿಸಲು ದಾರಿ ಇಲ್ಲ. ಏಳು ವರ್ಷದ ಮಗಳನ್ನೇ ಆ ಮನೆಗೆ ಸೊಸೆಯಾಗಿ ಕೊಟ್ಟು, ಕೈಗೆ ಸಿಕ್ಕ ಚೂರು ಹಣದಲ್ಲಿ ರಾಜಧಾನಿಗೆ ಸರ್ಕಾರಿ ಹುದ್ದೆಯ ಪರೀಕ್ಷೆ ಬರೆಯಲು ಹೊರಟುಬಿಡುತ್ತಾನೆ. ಹದಿಮೂರು ವರ್ಷ ಕಳೆಯುತ್ತದೆ. ಹುಡುಗಿ ಈಗ ದೌ ಎ, ಅವಳೂ ವಿಧವೆ. ಅತ್ತೆ ಸೊಸೆ ಇಬ್ಬರೇ. ಸಾಲ ವಸೂಲಿಗೆ ಹೋದ ಅತ್ತೆಯನ್ನು ಒಬ್ಬ ವೈದ್ಯ ಕತ್ತು ಹಿಸುಕಿ ಸಾಯಿಸಲು ನೋಡುತ್ತಾನೆ. ಅಪ್ಪ ಮಗ ಇಬ್ಬರು ಪುಂಡರು ಅಡ್ಡ ಬಂದು ಉಳಿಸುತ್ತಾರೆ. ಉಳಿಸಿದ್ದಕ್ಕೆ ಬೆಲೆ: ಅತ್ತೆ ಅಪ್ಪನನ್ನು, ಸೊಸೆ ಮಗನನ್ನು ಮದುವೆ ಆಗಬೇಕು. ದೌ ಎ ಒಪ್ಪುವುದಿಲ್ಲ. ಅತ್ತೆ ಸತ್ತರೆ ಇವಳು ದಾರಿಗೆ ಬರುತ್ತಾಳೆ ಅಂತ ಮಗ ಕುರಿಯ ಕರುಳಿನ ಸೂಪಿಗೆ ವಿಷ ಬೆರೆಸುತ್ತಾನೆ. ಅತ್ತೆಗೆ ವಾಕರಿಕೆ. ಸೂಪು ಕುಡಿದದ್ದು ಇವನ ಅಪ್ಪ. ಸತ್ತದ್ದೂ ಅವನೇ. ತಪ್ಪು ದೌ ಎಯ ತಲೆಗೆ.

ಚುಝೌ ಊರಿನ ನ್ಯಾಯಾಧಿಕಾರಿ ರಂಗದ ಮೇಲೆ ಬರುವ ರೀತಿಯೇ ಮಜಾ. ದೂರು ಕೊಡಲು ಬಂದವರು ಮಂಡಿ ಊರಿದರೆ ಇವನೂ ಮಂಡಿ ಊರುತ್ತಾನೆ. ಯಾಕೆ ಸ್ವಾಮಿ ಅಂತ ಕೇಳಿದರೆ, ದೂರು ತರುವವರೇ ನನಗೆ ಊಟ ಬಟ್ಟೆ ಕೊಡುವ ಅಪ್ಪ ಅಮ್ಮ ಅನ್ನುತ್ತಾನೆ. ಜನ ನಗುತ್ತಾರೆ. ನಕ್ಕು ಮುಗಿಯುವ ಮೊದಲೇ ದೊಣ್ಣೆ ಏಟು ಶುರು. ದೌ ಎ ಎಷ್ಟು ಹೊಡೆದರೂ ಒಪ್ಪುವುದಿಲ್ಲ. ಮುದುಕಿಗೆ ಹೊಡೆಯುತ್ತೇನೆ ಅಂದ ಕೂಡಲೇ "ನಾನೇ ಮಾಡಿದ್ದು" ಅಂದುಬಿಡುತ್ತಾಳೆ.

ಸಾಯುವ ಮುಂಚೆ ಮೂರು ಮಾತು ಹೇಳುತ್ತಾಳೆ. ನಾನು ನಿರಪರಾಧಿಯಾಗಿದ್ದರೆ ನನ್ನ ರಕ್ತ ಒಂದು ಹನಿಯೂ ನೆಲಕ್ಕೆ ಬೀಳದೆ ಕಂಬಕ್ಕೆ ಕಟ್ಟಿದ ಬಿಳಿ ರೇಷ್ಮೆಗೆ ಚಿಮ್ಮಲಿ. ಬಿರುಬಿಸಿಲಿನ ಆರನೇ ತಿಂಗಳಲ್ಲಿ ಮೂರು ಅಡಿ ಹಿಮ ಬಿದ್ದು ನನ್ನ ಹೆಣ ಮುಚ್ಚಲಿ. ಈ ಊರಿಗೆ ಮೂರು ವರ್ಷ ಮಳೆ ಬಾರದಿರಲಿ. ಮೂರೂ ಆಗುತ್ತವೆ. ಅಲ್ಲಿಗೆ ಆಕಾಶಕ್ಕೆ ಕಿವಿ ಇತ್ತು ಅಂತ ಆಯಿತಲ್ಲ! ಬೈಗುಳದ ಪಾಠಕ್ಕೂ ಗೋಳಿನ ಪಾಠಕ್ಕೂ ವ್ಯತ್ಯಾಸ ದೊಡ್ಡದಾಗುವುದು ಇಲ್ಲೇ. ಗೋಳಿಟ್ಟವಳಿಗೆ ಆಕಾಶ ಓಗೊಟ್ಟರೆ ಅದು ದಯೆ. ಬೈದವಳಿಗೆ ಓಗೊಟ್ಟರೆ ಅದು ತಪ್ಪೊಪ್ಪಿಗೆ.

ಕೊನೆಯ ಅಂಕದಲ್ಲಿ ಅಪ್ಪ ದೊಡ್ಡ ಅಧಿಕಾರಿಯಾಗಿ ಬಂದು ರಾತ್ರಿ ದೀಪದಲ್ಲಿ ಹಳೆಯ ಕಡತ ನೋಡುತ್ತಿರುತ್ತಾನೆ. ದೌ ಎ ಹೆಸರಿನ ಕಡತ ಮೇಲೆ ಬರುತ್ತೆ. ಮುಗಿದ ಕೇಸು ಅಂತ ತೆಗೆದು ಅಡಿಗೆ ಹಾಕುತ್ತಾನೆ. ದೀಪ ಮಂಕಾಗುತ್ತೆ. ಬತ್ತಿ ಸರಿಮಾಡಿ ತಿರುಗಿ ನೋಡಿದರೆ ಅದೇ ಕಡತ ಮತ್ತೆ ಮೇಲಿದೆ. ಮತ್ತೆ ಅಡಿಗೆ, ಮತ್ತೆ ಮೇಲೆ. ಮಗಳ ದೆವ್ವದ ಕೆಲಸ ಅದು. ಈ ನಾಟಕದ ಮುಂದಿನ ಏಳುನೂರು ವರ್ಷದ ಗತಿಯೂ ಹೆಚ್ಚು ಕಡಿಮೆ ಹೀಗೇ ಇತ್ತು. ಅಡಿಗೆ ಹಾಕಿದಷ್ಟೂ ಸಲ ಯಾರೋ ತೆಗೆದು ಮೇಲಿಟ್ಟರು.

ಮೊದಲು ಮೇಲಿಟ್ಟವನು ಝೊಂಗ್ ಸಿಚೆಂಗ್. ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸೋತ ಮನುಷ್ಯ. 1330ರಲ್ಲಿ ಒಂದು ಪುಸ್ತಕಕ್ಕೆ ಮುನ್ನುಡಿ ಬರೆದ, ಅದರ ಹೆಸರು 'ದೆವ್ವಗಳ ಪಟ್ಟಿ'. ನೂರೈವತ್ತಕ್ಕೂ ಹೆಚ್ಚು ನಾಟಕಕಾರರು ಮತ್ತು ಹಾಡು ಬರೆದವರು, ನಾನೂರಕ್ಕೂ ಹೆಚ್ಚು ನಾಟಕಗಳ ಹೆಸರು ಅದರಲ್ಲಿವೆ. ಸತ್ತವರನ್ನು ಮಾತ್ರ ದೆವ್ವ ಅನ್ನುತ್ತೀರಿ, ಬದುಕಿರುವಾಗಲೇ ಹೆಂಡದ ಗಡಿಗೆ, ಅನ್ನದ ಚೀಲ ಆಗಿರುವವರೂ ದೆವ್ವಗಳೇ ಅಂತ ಮುನ್ನುಡಿಯಲ್ಲಿ ಚುಚ್ಚುತ್ತಾನೆ. ಹುದ್ದೆ ಇಲ್ಲದ, ಆದರೆ ಬರೆಯಬಲ್ಲ ನನ್ನ ಸ್ನೇಹಿತರು ಸಾಯದ ದೆವ್ವಗಳಾಗಿ ಉಳಿಯಲಿ ಅನ್ನುವುದು ಅವನ ಆಸೆ. ನಾಟಕ ಬರೆದು ತೀರಿಹೋದ ಹಿರಿಯರ ಸಾಲಿನಲ್ಲಿ ಮೊದಲ ಹೆಸರು ಗುವಾನ್ ಹಾನ್‌ಚಿಂಗ್. ಊರು ದಾದು, ಅಂದರೆ ಇವತ್ತಿನ ಬೀಜಿಂಗ್. ಕೆಲಸ, ಅರಮನೆಯ ವೈದ್ಯ ಇಲಾಖೆಗೆ ಸೇರಿದ್ದು. ಅಲ್ಲೂ ಒಂದು ಗೊಂದಲ. ಒಂದು ಪ್ರತಿಯಲ್ಲಿ ಅಧಿಕಾರಿ ಅಂತಿದೆ, ಇನ್ನೊಂದರಲ್ಲಿ ಆ ಇಲಾಖೆಯ ಲೆಕ್ಕದಲ್ಲಿದ್ದ ಮನೆತನದವನು ಅಂತ. ಒಂದೇ ಒಂದು ಅಕ್ಷರದ ವ್ಯತ್ಯಾಸ. ಮುಂದೆ ಚೀನಾದ ಅತಿ ದೊಡ್ಡ ನಾಟಕಕಾರ ಅನಿಸಿಕೊಂಡವನ ಜೀವನ ಹೆಚ್ಚು ಕಡಿಮೆ ಆ ಒಂದು ಅಕ್ಷರದ ಮೇಲೆ ನಿಂತಿದೆ.

ಆ ಕಾಲದ ನಾಟಕಕ್ಕೆ ತ್ಸಾಜು ಅನ್ನುತ್ತಾರೆ. ಸಾಮಾನ್ಯವಾಗಿ ನಾಲ್ಕು ಅಂಕ, ಇಡೀ ನಾಟಕದಲ್ಲಿ ಹಾಡುವವರು ಒಬ್ಬರೇ, ಉಳಿದವರದ್ದು ಬರೀ ಮಾತು. ಯುವಾನ್ ಕಾಲದಲ್ಲೇ, ಅಂದರೆ ಮಂಗೋಲ ಮನೆತನ ಆಳಿದ ಕಾಲದಲ್ಲೇ, ಅಚ್ಚಾದ ತ್ಸಾಜುಗಳು ಇವತ್ತಿಗೆ ಉಳಿದಿರುವುದು ಮೂವತ್ತು. ಅಗ್ಗದ ಅಚ್ಚು, ತಪ್ಪು ಅಕ್ಷರ ಜಾಸ್ತಿ. ಕೆಲವದರ ಮೇಲೆ 'ದಾದುವಿನಲ್ಲಿ ಹೊಸದಾಗಿ ಸೇರಿಸಿದ್ದು', 'ಹಾಂಗ್‌ಝೌನಲ್ಲಿ ಹೊಸದಾಗಿ ಅಚ್ಚಾದದ್ದು' ಅಂತ ಜಾಹೀರಾತು ಬೇರೆ. ಅವುಗಳಲ್ಲಿ ಹಾಡುಗಳು ಪೂರ್ತಿ ಇವೆ, ಮಾತು ಅಲ್ಲಲ್ಲಿ ತುಣುಕು, ಕೆಲವದರಲ್ಲಿ ಇಲ್ಲವೇ ಇಲ್ಲ. ಯಕ್ಷಗಾನದ ಪ್ರಸಂಗ ಪುಸ್ತಕ ನೋಡಿದವರಿಗೆ ಇದು ಆಶ್ಚರ್ಯ ಅನಿಸುವುದಿಲ್ಲ. ಪದ್ಯ ಪುಸ್ತಕದಲ್ಲಿ, ಅರ್ಥ ಕಲಾವಿದನ ಬಾಯಲ್ಲಿ. ಇರಲಿ, ವಿಷಯ ಅದಲ್ಲ. ಈ ಮೂವತ್ತರಲ್ಲಿ ಗುವಾನ್‌ನ ನಾಲ್ಕು ನಾಟಕಗಳಿವೆ, ದೌ ಎ ಇಲ್ಲ. ಅಂದರೆ ದೌ ಎಯ ಕಥೆಯನ್ನು ಗುವಾನ್ ಬರೆದ ಮಾತಿನಲ್ಲೇ ಓದಿದವರು ಇವತ್ತು ಯಾರೂ ಇಲ್ಲ. ಮೇಲೆ ಕೊಟ್ಟ ಎರಡು ಪಾಠಗಳೂ ಮಿಂಗ್ ಕಾಲದವು.

ಮಂಗೋಲರು ಹೋಗಿ ಮಿಂಗ್ ಮನೆತನ ಬಂದಾಗ ತ್ಸಾಜು ಅರಮನೆಗೆ ಹೋಯಿತು. ರಾಜಕುಮಾರ ಝು ಚ್ವಾನ್ ನಾಟಕ ಮತ್ತು ಹಾಡಿನ ಮೇಲೆ ಒಂದು ಪುಸ್ತಕ ಬರೆದ. ಮುನ್ನುಡಿಯ ವರ್ಷ 1398. ಯುವಾನ್ ಕಾಲದ 187 ಮಂದಿಯನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಒಂದು ಉಪಮೆ ಕೊಟ್ಟ. ಮೊದಲನೆಯವನು ಮಾ ಝಿಯುವಾನ್, ಬೆಳಗಿನ ಬಿಸಿಲಲ್ಲಿ ಕೂಗುವ ಫೀನಿಕ್ಸ್. ಗುವಾನ್ ಹಾನ್‌ಚಿಂಗ್ ಹತ್ತನೆಯವನು, ರಾಜಭೋಜನದಲ್ಲಿ ಕುಡಿದು ತೂರಾಡುವ ಅತಿಥಿ. ಸಾಲದು ಅಂತ ಒಂದು ಟಿಪ್ಪಣಿ: ಇವನ ಪ್ರತಿಭೆ ಮೇಲೂ ಹಾಕಬಹುದು, ಕೆಳಗೂ ಹಾಕಬಹುದು, ತ್ಸಾಜುವಿಗೆ ಮೊದಲಿಟ್ಟವನು ಅಂತ ಮುಂದೆ ಇಟ್ಟಿದ್ದೇನೆ ಅಷ್ಟೇ. ಪಾಪ, ಪಾಸ್ ಮಾರ್ಕು ಕೊಟ್ಟ ಹಾಗೆ.

ಇನ್ನೂರು ವರ್ಷ ದಾಟಿ ಬರೋಣ. ತ್ಸಾಂಗ್ ಮಾವೊಶುನ್ ಈ ಕಥೆಯ ನಿಜವಾದ ನಾಯಕ. ಖಳನಾಯಕ ಅಂತಲೂ ಕೆಲವರು ಅನ್ನುತ್ತಾರೆ. ಹುಟ್ಟಿದ್ದು 1550ರಲ್ಲಿ, ಝೆಜಿಯಾಂಗ್ ಪ್ರಾಂತದ ಚಾಂಗ್‌ಶಿಂಗ್‌ನಲ್ಲಿ. 1580ರಲ್ಲಿ ಅತಿ ಮೇಲಿನ ಪರೀಕ್ಷೆ ಪಾಸಾದ. ನಾನ್‌ಜಿಂಗ್‌ನಲ್ಲಿ ರಾಷ್ಟ್ರೀಯ ವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. 1585ರಲ್ಲಿ ನಡತೆ ಸರಿಯಿಲ್ಲ ಅಂತ ಕೆಲಸ ಹೋಯಿತು. ಊರಿಗೆ ಬಂದು ಪುಸ್ತಕ, ಗೆಳೆಯರು, ನಾಟಕ ಅಂತ ಕಾಲ ಕಳೆದ. ಮನೆಯಲ್ಲೇ ಹಳೆಯ ತ್ಸಾಜುಗಳ ಪ್ರತಿಗಳಿದ್ದವು. ಹುವಾಂಗ್‌ಝೌ ಕಡೆ ಹೋದಾಗ ಲಿಯು ಅನ್ನುವ ಮನೆತನದ ಗೆಳೆಯನಿಂದ ಇನ್ನೂ 200 ನಾಟಕಗಳನ್ನು ಎರವಲು ತಂದ. ಅರಮನೆಯ ನಾಟಕ ಇಲಾಖೆಯ ಪ್ರತಿಗಳಿಂದ ನಕಲು ಮಾಡಿದ್ದು ಅಂತ ಆ ಗೆಳೆಯ ಹೇಳಿದ್ದನಂತೆ.

ಅವುಗಳಿಂದ ನೂರನ್ನು ಆರಿಸಿ 'ಯುವಾನ್ ನಾಟಕಗಳ ಆಯ್ಕೆ' ಅಂತ ಅಚ್ಚು ಹಾಕಿಸಿದ. 1615ರಲ್ಲಿ ಐವತ್ತು, 1616ರಲ್ಲಿ ಇನ್ನೈವತ್ತು. ಎರಡು ಕಂತು ಯಾಕೆ? ಕೈಯಲ್ಲಿ ದುಡ್ಡಿರಲಿಲ್ಲ. ಮೊದಲ ಕಂತಿನ ಪ್ರತಿಗಳನ್ನು ಆಳಿನ ಕೈಯಲ್ಲಿ ಬೀಜಿಂಗಿಗೆ ಕಳಿಸಿ, ಮಾರಿ ಬಂದ ಹಣದಲ್ಲಿ ಉಳಿದದ್ದನ್ನು ಮುಗಿಸುವ ಯೋಚನೆಯನ್ನು ಕಾಗದದಲ್ಲಿ ಬರೆದುಕೊಂಡಿದ್ದಾನೆ. ಚೊಕ್ಕ ಅಚ್ಚು, ಪ್ರತಿ ನಾಟಕಕ್ಕೂ ಚಿತ್ರ, ಹಾಡು ಮಾತು ಎರಡೂ ಪೂರ್ತಿ. ಮನೆಯಲ್ಲಿ ಕೂತು ಓದುವವನಿಗಾಗಿ ಮಾಡಿದ ಪುಸ್ತಕ ಇದು. ಅಷ್ಟು ಹೊತ್ತಿಗೆ ತ್ಸಾಜುವಿನ ಸಂಗೀತ ರಂಗದ ಮೇಲೆ ಹೆಚ್ಚು ಕಡಿಮೆ ಸತ್ತೇ ಹೋಗಿತ್ತು. ದಕ್ಷಿಣದ ಹಾಡಿನ ಶೈಲಿಗಳು ಮೇಲೆ ಬಂದಿದ್ದವು. ಕೇಳುಗರಿಲ್ಲದ ನಾಟಕಕ್ಕೆ ತ್ಸಾಂಗ್ ಓದುಗರನ್ನು ಹುಡುಕಿಕೊಟ್ಟ.

ಹೇಗೆ ಹುಡುಕಿಕೊಟ್ಟ ಅನ್ನುವುದು ನೋಡಬೇಕು. ಎರಡು ಉಪಾಯ ಮಾಡಿದ.

ಒಂದು, ಸುಳ್ಳು ಇತಿಹಾಸ. ಯುವಾನ್ ಕಾಲದಲ್ಲಿ ನಾಟಕ ಬರೆಯುವ ಪರೀಕ್ಷೆ ಇಟ್ಟು ಅಧಿಕಾರಿಗಳನ್ನು ಆರಿಸುತ್ತಿದ್ದರು ಅಂತ ಮುನ್ನುಡಿಯಲ್ಲಿ ಹೇಳಿದ. ವಿಷಯ ಕೊಡುತ್ತಿದ್ದರು, ಅಭ್ಯರ್ಥಿ ಹಾಡು ಬರೆಯುತ್ತಿದ್ದ, ಮಾತುಗಳನ್ನು ನಟರು ರಂಗದ ಮೇಲೆ ಹೊಂದಿಸಿಕೊಳ್ಳುತ್ತಿದ್ದರು ಎನ್ನುವವರಿದ್ದಾರೆ ಅಂತ ಸೇರಿಸಿದ. ಇಂಥ ಪರೀಕ್ಷೆಯ ಪುರಾವೆ ಎಲ್ಲೂ ಇಲ್ಲ. ಆದರೆ ಉದ್ದೇಶ ಜಾಣತನದ್ದು. ಯುವಾನ್‌ಗಿಂತ ಹಿಂದಿನ ತಾಂಗ್ ಮನೆತನದ ಕಾಲದ ಕವಿತೆಗೆ ಗೌರವ ಬಂದದ್ದರಲ್ಲಿ ಪರೀಕ್ಷೆಗೆ ಪಾಲಿತ್ತು. ನಾಟಕಕ್ಕೂ ಪರೀಕ್ಷೆ ಇತ್ತು ಅಂದರೆ ಅದೂ ಓದುಬಲ್ಲವರ ಸಾಹಿತ್ಯ ಆಯಿತು. ಮಾ ಝಿಯುವಾನ್‌ನಂಥವರ ನಾಲ್ಕನೇ ಅಂಕ ಕೂಡ ದೂರ ಹೋಗಿ ಬಲ ಕಳೆದುಕೊಂಡ ಬಾಣದ ಹಾಗೆ ಸಪ್ಪೆ ಆಗುವುದಕ್ಕೂ ಪರೀಕ್ಷೆಯ ಹೊತ್ತು ಮುಗಿದದ್ದೇ ಕಾರಣ ಅಂದ. ನಾಲ್ಕನೇ ಅಂಕ ಸಪ್ಪೆ ಅನ್ನುವುದನ್ನು ಮಾತ್ರ ನಾನೂ ಒಪ್ಪುತ್ತೇನೆ.

ಎರಡು, ತಿದ್ದುಪಡಿ. ಗೆಳೆಯನಿಗೆ ಬರೆದ ಕಾಗದದಲ್ಲಿ ಅವನೇ ಹೇಳಿಕೊಳ್ಳುತ್ತಾನೆ. ಆಟಕ್ಕೆ ಅಂತ ತ್ಸಾಜುಗಳನ್ನು ತೆಗೆದುಕೊಂಡು ಕಳೆ ಕಿತ್ತೆ, ಸರಿ ಬಾರದ ಕಡೆ ನನ್ನ ಮನಸ್ಸಿಗೆ ಬಂದ ಹಾಗೆ ಬದಲಿಸಿದೆ, ಯುವಾನ್ ಜನರ ಗುಟ್ಟು ನನಗೆ ಚೆನ್ನಾಗಿ ಸಿಕ್ಕಿದೆ ಅಂದುಕೊಂಡಿದ್ದೇನೆ ಅಂತ. ಎಷ್ಟು ಸಲೀಸಾಗಿ ಹೇಳಿದ್ದಾನೆ ನೋಡಿ! ಆಕಾಶ ದಂಡವಾದದ್ದು ಈ ಕಳೆ ಕೀಳುವ ಕೆಲಸದಲ್ಲಿ. ನಮ್ಮ ಕೈಗೆ ಸಿಕ್ಕ ಮಟ್ಟಿಗೆ ಆ ಸಾಲು ಮೊದಲು ಕಾಣುವುದು ಅವನ ಪುಸ್ತಕದಲ್ಲೇ.

ಅವನನ್ನು ಬೈದವರು ಬೇಕಾದಷ್ಟು ಜನ. 18ನೇ ಶತಮಾನದ ಸುಝೌ ಸಂಗೀತಗಾರ ಯೆ ತಾಂಗ್ ಅವನನ್ನು ಹಿಂದೆಮುಂದೆ ನೋಡದ ದುಡುಕ ಅಂದ. ಯುವಾನ್ ಜನರ ಎಷ್ಟೋ ಒಳ್ಳೆಯ ಹಾಡುಗಳನ್ನು ಹೂತುಹಾಕಿದ ಅಂತ ಹಲುಬಿದ. ಸಂಗೀತಗಾರನ ಕಣ್ಣಿನಿಂದ ಅದು ನ್ಯಾಯವೇ ಇರಬಹುದು. ಆದರೆ ತ್ಸಾಂಗ್‌ನ ಪುಸ್ತಕ ಎಷ್ಟು ಚೆನ್ನಾಗಿ ಓದಿಸಿಕೊಂಡು ಹೋಯಿತು ಅಂದರೆ ಬೇರೆ ಪ್ರತಿಗಳು ಒಂದೊಂದಾಗಿ ಮೂಲೆಗೆ ಸೇರಿದವು. ಯುವಾನ್ ನಾಟಕ ಅಂದರೆ ತ್ಸಾಂಗ್‌ನ ನೂರು ನಾಟಕ ಅಂತ ಆಗಿಹೋಯಿತು.

ರಂಗದ ಮೇಲೆ ದೌ ಎ ಏನಾದಳು? ಅವಳು ಸಾಯಲಿಲ್ಲ. 17ನೇ ಶತಮಾನದಲ್ಲಿ ದಕ್ಷಿಣದ ಶೈಲಿಯಲ್ಲಿ 'ಚಿನ್ನದ ಬೀಗ' ಅನ್ನುವ ನಾಟಕ ಬಂತು. ಅದರಲ್ಲಿ ಹಿಮ ಬಿದ್ದ ಕೂಡಲೇ ಶಿಕ್ಷೆ ನಿಲ್ಲುತ್ತದೆ, ಸತ್ತಿದ್ದಾನೆ ಅಂದುಕೊಂಡ ಗಂಡ ವಾಪಸು ಬರುತ್ತಾನೆ, ಎಲ್ಲರೂ ಒಂದಾಗುತ್ತಾರೆ. ಪೀಕಿಂಗ್ ಒಪೆರಾದ 'ಆರನೇ ತಿಂಗಳ ಹಿಮ' ಈ ಬಳ್ಳಿಯದ್ದೇ. 1920ರ ದಶಕದಲ್ಲಿ ಚೆಂಗ್ ಯಾನ್‌ಚಿಯು ಅದನ್ನು ಹಾಡಿ ಹೆಸರು ಮಾಡಿದ. ಜನರಿಗೆ ಬೇಕಾಗಿದ್ದು ಉಳಿದ ದೌ ಎ. ಸತ್ತ ದೌ ಎ ಪುಸ್ತಕದೊಳಗೆ ಕಾಯುತ್ತಿದ್ದಳು.

ಪುಸ್ತಕಕ್ಕೂ ದೊಡ್ಡ ಮರ್ಯಾದೆ ಇರಲಿಲ್ಲ. 18ನೇ ಶತಮಾನದ ಕೊನೆಯ ಹೊತ್ತಿಗೆ ಚಕ್ರವರ್ತಿಯ ಆಜ್ಞೆಯಂತೆ ಸಾವಿರಾರು ಕೃತಿಗಳ ದೊಡ್ಡ ಭಂಡಾರ ತಯಾರಾಯಿತು. ಅದರಲ್ಲಿ ನಾಟಕಗಳಿಗೆ ಜಾಗ ಇರಲಿಲ್ಲ. ತಮಾಷೆ ಅಂದರೆ ಅಷ್ಟು ಹೊತ್ತಿಗೆ ತ್ಸಾಂಗ್‌ನ ಪುಸ್ತಕ ಪ್ಯಾರಿಸ್ಸಿಗೆ ತಲುಪಿತ್ತು. ಆ ಪುಸ್ತಕದ 'ಝಾವೊ ಮನೆತನದ ಅನಾಥ' 1735ರಲ್ಲೇ ಫ್ರೆಂಚಿನಲ್ಲಿ ಅಚ್ಚಾಯಿತು. 1755ರಲ್ಲಿ ವೋಲ್ಟೇರ್ ಅದರಿಂದ ತನ್ನದೇ ನಾಟಕ ಮಾಡಿದ. ದೌ ಎ ಕೂಡ 1838ರಲ್ಲಿ ಬಾಜಾನ್ ಅನ್ನುವ ವಿದ್ವಾಂಸನ ಕೈಯಲ್ಲಿ ಫ್ರೆಂಚ್ ಮಾತಾಡಿದಳು. ಅವಳ ಊರಿನ ಪಂಡಿತರು ಮಾತ್ರ ಕಡತವನ್ನು ಅಡಿಗೇ ಇಟ್ಟಿದ್ದರು.

ಈಗ ವಾಂಗ್ ಗುವೊವೇಯ್. 1877ರಲ್ಲಿ ಹುಟ್ಟಿದವನು, ಝೆಜಿಯಾಂಗ್‌ನವನೇ. ಯುವಕನಾಗಿದ್ದಾಗ ಕಾಂಟ್, ಶೋಪೆನ್‌ಹಾವರ್ ಓದಿ ತಲೆ ಕೆಡಿಸಿಕೊಂಡವನು. 1907ರಲ್ಲಿ ತನ್ನ ಬಗ್ಗೆ ಬರೆದುಕೊಂಡ ಲೇಖನದಲ್ಲಿ, ತತ್ವಶಾಸ್ತ್ರದಲ್ಲಿ ಪ್ರೀತಿಸಬಹುದಾದದ್ದನ್ನು ನಂಬಲಾಗುವುದಿಲ್ಲ, ನಂಬಬಹುದಾದದ್ದನ್ನು ಪ್ರೀತಿಸಲಾಗುವುದಿಲ್ಲ ಅಂದ. ಅದೇ ಲೇಖನದಲ್ಲಿ ಚೀನೀ ಸಾಹಿತ್ಯದಲ್ಲಿ ಅತಿ ಸೊರಗಿದ್ದು ನಾಟಕ, ಪಶ್ಚಿಮದ ನಾಟಕಗಳಿಗೆ ಹೋಲಿಸಿದರೆ ಎಷ್ಟು ದೂರ ಅಂತ ಲೆಕ್ಕ ಹಾಕಲಾಗದು ಅಂತಲೂ ಬರೆದ. ಈ ಮಾತು ನೆನಪಿಟ್ಟುಕೊಳ್ಳಿ.

1911ರ ಕ್ರಾಂತಿಯಲ್ಲಿ ಚಿಂಗ್ ಸಾಮ್ರಾಜ್ಯ ಉರುಳಿತು. ವಾಂಗ್ ತನ್ನ ಹಿರಿಯ ಗೆಳೆಯ ಲುವೊ ಝೆನ್‌ಯು ಜೊತೆ ಜಪಾನಿನ ಕ್ಯೋಟೋಗೆ ಹೋದ. 1912ರ ಚಳಿಗಾಲದಲ್ಲಿ, ಪರದೇಶದಲ್ಲಿ ಬಿಡುವು ಜಾಸ್ತಿ ಇದ್ದಾಗ, ಮೂರೇ ತಿಂಗಳಲ್ಲಿ ಯುವಾನ್ ಮತ್ತು ಅದರ ಹಿಂದಿನ ಸೋಂಗ್ ಕಾಲದ ನಾಟಕದ ಇತಿಹಾಸ ಬರೆದು ಮುಗಿಸಿದ. ಅದಕ್ಕೂ ಹಿಂದೆ ಹಲವು ವರ್ಷ ಪಟ್ಟಿ, ಟಿಪ್ಪಣಿ ಅಂತ ಒಬ್ಬನೇ ಕೂಡಿಹಾಕಿದ್ದ. ಪುಸ್ತಕ 1915ರಲ್ಲಿ ಬಂತು. ಪ್ರತಿ ಕಾಲಕ್ಕೂ ಅದರದೇ ಸಾಹಿತ್ಯ ಇರುತ್ತದೆ, ತಾಂಗ್‌ಗೆ ಕವಿತೆ, ಸೋಂಗ್‌ಗೆ ಹಾಡುಗವಿತೆ, ಯುವಾನ್‌ಗೆ ನಾಟಕ, ಆಮೇಲಿನವರು ಅದನ್ನು ಮುಂದುವರಿಸಲಾರರು ಅಂತ ಶುರುವಾಗುತ್ತೆ. ಈ ಶಾಸ್ತ್ರ ಶುರುವಾಗುವುದು ನನ್ನಿಂದಲೇ ಅಂತ ಮುನ್ನುಡಿಯಲ್ಲಿ ಹೇಳಿಕೊಂಡ. ಬಡಾಯಿ ಅನಿಸಿದರೂ ಹೆಚ್ಚು ಕಡಿಮೆ ನಿಜ.

ಐದು ವರ್ಷದ ಹಿಂದೆ ಸೊರಗಿದ್ದ ನಾಟಕ ಈಗ ಎದ್ದು ನಿಂತಿತ್ತು. ದೌ ಎ ಮತ್ತು ಝಾವೊ ಅನಾಥ, ಈ ಎರಡನ್ನು ಜಗತ್ತಿನ ದೊಡ್ಡ ದುರಂತ ನಾಟಕಗಳ ಸಾಲಿನಲ್ಲಿ ಇಟ್ಟರೂ ನಾಚಬೇಕಾಗಿಲ್ಲ ಅಂದ. ಕಾರಣವನ್ನೂ ಕೊಟ್ಟ. ಕೆಟ್ಟವರು ಸಂಚು ಮಾಡುತ್ತಾರೆ ನಿಜ, ಆದರೆ ಬೆಂಕಿಗೆ ಕಾಲಿಡುವುದು ನಾಯಕಿಯ ಸ್ವಂತ ಮನಸ್ಸಿನಿಂದ. ದೊಣ್ಣೆ ಏಟಿಗೆ ಬಗ್ಗದವಳು ಅತ್ತೆಗಾಗಿ ಒಪ್ಪಿಕೊಂಡಳಲ್ಲ, ಅದು. ಈ ಅಳತೆಗೋಲು ಜರ್ಮನ್ ಪುಸ್ತಕಗಳಿಂದ ಬಂದದ್ದು. ಆದರೆ ಅದರಿಂದ ಕಂಡದ್ದು ನಾಟಕದಲ್ಲಿ ನಿಜಕ್ಕೂ ಇತ್ತು. ಗುವಾನ್ ಹಾನ್‌ಚಿಂಗ್‌ನನ್ನು ಹತ್ತನೇ ಜಾಗದಿಂದ ಎತ್ತಿ ಮೊದಲನೆಯವನನ್ನಾಗಿ ಕೂರಿಸಿದ. ಯಾರನ್ನೂ ಆತುಕೊಳ್ಳದೆ ತನ್ನ ಮಾತನ್ನು ತಾನೇ ಎರಕ ಹೊಯ್ದವನು, ಮನುಷ್ಯರ ಮನಸ್ಸನ್ನು ಪೂರ್ತಿ ಹೇಳಿದವನು ಅಂತ. ರಾಜಕುಮಾರನ ರ್‍ಯಾಂಕನ್ನು ಹೆಸರು ಹಿಡಿದೇ ತಳ್ಳಿಹಾಕಿದ.

ಪರೀಕ್ಷೆಯ ವಿಷಯಕ್ಕೆ ಬಂದಾಗ ವಾಂಗ್ ತ್ಸಾಂಗ್‌ನ ಕಥೆಯನ್ನು ತಲೆಕೆಳಗು ಮಾಡಿದ. ನಾಟಕದ ಪರೀಕ್ಷೆ ಅನ್ನುವುದು ಬುರುಡೆ. ಉತ್ತರ ಚೀನಾದಲ್ಲಿ ಸುಮಾರು ಎಂಬತ್ತು ವರ್ಷ ಪರೀಕ್ಷೆಯೇ ನಡೆಯಲಿಲ್ಲ. ಹುದ್ದೆಯ ದಾರಿ ಮುಚ್ಚಿದ್ದಕ್ಕೇ ಓದಿದವರು ನಾಟಕದ ಕಡೆ ತಿರುಗಿದರು. ಇಬ್ಬರೂ ನಾಟಕದ ಏಳಿಗೆಗೆ ಪರೀಕ್ಷೆಯನ್ನೇ ಕಾರಣ ಮಾಡಿದರು ನೋಡಿ. ಒಬ್ಬನಿಗೆ ಅದು ಇದ್ದದ್ದರಿಂದ, ಇನ್ನೊಬ್ಬನಿಗೆ ಇಲ್ಲದ್ದರಿಂದ. ವಾಂಗ್ ಹೇಳಿದ್ದು ದಾಖಲೆಗೆ ಹತ್ತಿರ, ಅದರಲ್ಲಿ ಅನುಮಾನವಿಲ್ಲ. ಆದರೆ 1905ರಲ್ಲಿ ಚೀನಾದ ಪರೀಕ್ಷೆಗಳು ಪೂರ್ತಿ ರದ್ದಾಗಿದ್ದವು. ತಾನೇ ಚಿಕ್ಕವನಾಗಿದ್ದಾಗ ಆ ಪರೀಕ್ಷೆಗಳಲ್ಲಿ ಮೇಲೆ ಬರಲಾಗದೆ, ಈಗ ಸಾಮ್ರಾಜ್ಯವನ್ನೂ ಕಳೆದುಕೊಂಡು ಪರದೇಶದಲ್ಲಿ ಕೂತವನಿಗೆ, ಹುದ್ದೆಯಿಲ್ಲದ ಓದುಬಲ್ಲವರ ಕಥೆ ಮನಸ್ಸಿಗೆ ಯಾಕೆ ತಟ್ಟಿತು ಅಂತ ಊಹಿಸುವುದು ಕಷ್ಟವಲ್ಲ.

ಯುವಾನ್ ನಾಟಕದ ಸೊಗಸು ಎಲ್ಲಿದೆ ಅನ್ನುವುದಕ್ಕೆ ವಾಂಗ್ ಕೊಟ್ಟ ಉತ್ತರ ಒಂದೇ ಪದ: ಸಹಜತೆ. ಇವರು ಹೆಸರಿಗಾಗಿ ಬರೆಯಲಿಲ್ಲ, ತಮ್ಮ ಖುಷಿಗೆ ಮತ್ತು ಜನರ ಖುಷಿಗೆ ಬರೆದರು. ಕಥೆಯ ಕಟ್ಟು ಒರಟಾದರೂ ತಲೆಕೆಡಿಸಿಕೊಳ್ಳಲಿಲ್ಲ, ಮನಸ್ಸಿನಲ್ಲಿದ್ದದ್ದು ಹಾಗೇ ಹರಿಯಿತು ಅಂತ. ಓದಲು ಚೆಂದ. ಆದರೆ ಅವನು ಯಾವ ಪುಸ್ತಕ ಇಟ್ಟುಕೊಂಡು ಹೀಗಂದ? ಉಳಿದಿರುವ ಯುವಾನ್ ನಾಟಕ 116 ಅಂತ ಅವನೇ ಲೆಕ್ಕ ಕೊಡುತ್ತಾನೆ. ಅದರಲ್ಲಿ 94 ತ್ಸಾಂಗ್‌ನ ಪುಸ್ತಕದವು. ಕಳೆ ಕಿತ್ತು, ನೀರು ಹಾಕಿ, ಕತ್ತರಿಸಿ ಒಪ್ಪ ಮಾಡಿದ ತೋಟವನ್ನು ನೋಡಿ ಎಂಥ ಸಹಜವಾದ ಕಾಡು ಅಂದ ಹಾಗಾಯಿತು.

ವಾಂಗ್‌ಗೆ ನಿಜವಾದ ಕಾಡಿನ ಚೂರು ಕಂಡಿರಲಿಲ್ಲ ಅಂತಲ್ಲ. ಆ ಮೂವತ್ತು ಹಳೆಯ ಮುದ್ರಣಗಳು ಸುಝೌನ ಪುಸ್ತಕಪ್ರೇಮಿ ಹುವಾಂಗ್ ಪೀಲಿಯೆಯ ಕೈ ದಾಟಿ ಲುವೊ ಝೆನ್‌ಯುಗೆ ಸೇರಿದ್ದವು. ಅವುಗಳಲ್ಲೇ ಸಿಕ್ಕುವ ಹದಿನೇಳು ನಾಟಕಗಳೂ 116ರ ಲೆಕ್ಕದಲ್ಲಿವೆ. 1914ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯ ಅವನ್ನು ಇದ್ದ ಹಾಗೇ ಮತ್ತೆ ಮರದ ಅಚ್ಚಿನಲ್ಲಿ ಕೊರೆಸಿ ಹೊರತಂದಿತು. ಆದರೆ ಇದಾದ ಮೇಲೆ ವಾಂಗ್ ನಾಟಕವನ್ನೇ ಬಿಟ್ಟ. ಮೂಳೆಗಳ ಮೇಲಿನ ಹಳೆಯ ಲಿಪಿಯ ಕಡೆ ಹೋದ. 1927ರ ಜೂನ್ 2ರಂದು ಬೀಜಿಂಗ್‌ನ ಬೇಸಿಗೆ ಅರಮನೆಯ ಕೆರೆಗೆ ಹಾರಿ ಪ್ರಾಣ ಬಿಟ್ಟ.

ಹನ್ನೊಂದು ವರ್ಷ ಆದ ಮೇಲೆ, 1938ರಲ್ಲಿ, ಯುದ್ಧದ ಮಧ್ಯೆ ಶಾಂಘೈನ ಪುಸ್ತಕ ವ್ಯಾಪಾರಿಗಳ ಕೈಗೆ 64 ಸಂಪುಟಗಳ ಒಂದು ಗಂಟು ಬಂತು. ಚಾಂಗ್‌ಶುನ ಝಾವೊ ಚಿಮೇಯ್ ಎಂಬ ಅಧಿಕಾರಿ, ತ್ಸಾಂಗ್‌ನ ಕಾಲದಲ್ಲೇ, ಅರಮನೆಯ ಪ್ರತಿಗಳಿಂದ ನಕಲು ಮಾಡಿಸಿ, ಅಚ್ಚಾದವನ್ನೂ ಸೇರಿಸಿ, ತಾಳೆ ನೋಡಿ ಇಟ್ಟಿದ್ದ 242 ನಾಟಕಗಳು. ವಿದ್ವಾಂಸ ಝೆಂಗ್ ಝೆನ್‌ದುವೊ ಅವನ್ನು ಸರ್ಕಾರದ ಪರವಾಗಿ 9,000 ಯುವಾನ್‌ಗೆ ಕೊಡಿಸಿದ. ಪರದೇಶದ ಪಾಲಾಗುವ ಭಯ ಅವನಿಗೆ. ನೂರಕ್ಕೂ ಹೆಚ್ಚು ನಾಟಕಗಳನ್ನು ಅಲ್ಲಿಯ ತನಕ ಯಾರೂ ನೋಡಿರಲಿಲ್ಲ. ಝಾವೊ ಚಿಮೇಯ್ ತ್ಸಾಂಗ್‌ನ ಹಾಗಲ್ಲ. ತಿದ್ದಿದ್ದಕ್ಕಿಂತ ತಾಳೆ ನೋಡಿದ್ದೇ ಹೆಚ್ಚು. ಇಂಥ ಪ್ರತಿಗಳು ಕೈಗೆ ಬಂದ ಮೇಲೆ ಸಾಲು ಸಾಲಾಗಿ ಹೋಲಿಸುವ ಕೆಲಸ ಶುರುವಾಯಿತು. ತೈವಾನ್‌ನಲ್ಲಿ ಝೆಂಗ್ ಚಿಯಾನ್, ಆಮೇಲೆ ಪಶ್ಚಿಮದಲ್ಲಿ ಸ್ಟೀಫನ್ ವೆಸ್ಟ್, ವಿಲ್ಟ್ ಐಡೆಮಾ ಮುಂತಾದವರು ತ್ಸಾಂಗ್ ಎಲ್ಲೆಲ್ಲಿ ಕೈ ಹಾಕಿದ್ದಾನೆ ಅಂತ ತೋರಿಸಿದರು. ವೆಸ್ಟ್ 1991ರಲ್ಲಿ ಬರೆದದ್ದು ಬರೀ ದೌ ಎಯ ಮೇಲೆ.

ಅಷ್ಟರಲ್ಲಿ ಇನ್ನೊಂದು ಮೆರವಣಿಗೆ ನಡೆದುಹೋಗಿತ್ತು. 1958ರಲ್ಲಿ ವಿಶ್ವ ಶಾಂತಿ ಮಂಡಳಿಯ ಕರೆಯಂತೆ ಗುವಾನ್ ಹಾನ್‌ಚಿಂಗ್ ಬರೆಯಲು ಶುರು ಮಾಡಿದ 700ನೇ ವರ್ಷ ಅಂತ ಹಬ್ಬ ಮಾಡಿದರು. ಹುಟ್ಟಿದ ವರ್ಷವೇ ಸರಿಯಾಗಿ ಗೊತ್ತಿಲ್ಲದವನಿಗೆ ಬರೆಯಲು ಶುರು ಮಾಡಿದ ವರ್ಷ! ಚೀನಾದ ರಾಷ್ಟ್ರಗೀತೆಯ ಪದ ಬರೆದ ತಿಯಾನ್ ಹಾನ್ ಆ ವರ್ಷ ಗುವಾನ್‌ನ ಮೇಲೆ ಒಂದು ನಾಟಕ ಬರೆದ. ಅದರಲ್ಲಿ ಗುವಾನ್ ಒಬ್ಬ ನಿರಪರಾಧಿ ಹೆಂಗಸಿನ ತಲೆ ಕಡಿಯುವುದನ್ನು ಕಂಡು ಸಿಟ್ಟಿನಿಂದ ದೌ ಎ ಬರೆಯುತ್ತಾನೆ. ಮಂತ್ರಿ ಅಹ್ಮದ್ ಕೆಲವು ಸಾಲು ಬದಲಿಸು ಅನ್ನುತ್ತಾನೆ. ಆಡದೆ ಬೇಕಾದರೆ ಬಿಡುತ್ತೇನೆ, ಬದಲಿಸುವುದು ಸಾಧ್ಯವೇ ಇಲ್ಲ ಅಂತ ಗುವಾನ್ ಜೈಲಿಗೆ ಹೋಗುತ್ತಾನೆ. ಇತಿಹಾಸದಲ್ಲಿ ಇದಕ್ಕೆ ಆಧಾರ ಇಲ್ಲ. ವೈದ್ಯ ಇಲಾಖೆಯ ಒಂದು ಅಕ್ಷರದಿಂದ ಎದ್ದ ವೀರ ಇವನು.

ನನಗೆ ಬೇರೆ ಕಾರಣಕ್ಕೆ ಈ ದೃಶ್ಯ ಮರೆಯಲಾಗುವುದಿಲ್ಲ. ಒಂದು ಸಾಲನ್ನೂ ಬದಲಿಸಲ್ಲ ಅಂತ ಜೈಲಿಗೆ ಹೋಗುವ ಈ ಗುವಾನ್‌ನ ಅತಿ ಹೆಸರಾಂತ ಸಾಲು ಇನ್ನೊಬ್ಬ ಬದಲಿಸಿದ್ದು. ತಿಯಾನ್ ಹಾನ್ ಸಾಂಸ್ಕೃತಿಕ ಕ್ರಾಂತಿಯಲ್ಲಿ ಬಂಧನಕ್ಕೆ ಒಳಗಾಗಿ, 1968ರಲ್ಲಿ ಬಂಧನದಲ್ಲೇ ಸತ್ತ.

ಹಾಗಾದರೆ ಪುಸ್ತಕದಲ್ಲಿ ಯಾವ ಸಾಲು ಇರಬೇಕು? ಹಳೆಯದನ್ನು ಹಾಕಿ ತ್ಸಾಂಗ್‌ನದ್ದನ್ನು ಅಡಿಟಿಪ್ಪಣಿಗೆ ತಳ್ಳಬೇಕು ಅನ್ನುವವರಿದ್ದಾರೆ. ವಿದ್ವಾಂಸರ ಪುಸ್ತಕದಲ್ಲಿ ಹಾಗೇ ಮಾಡಲಿ. ಆದರೆ ನನ್ನ ಮಟ್ಟಿಗೆ ತ್ಸಾಂಗ್‌ನ ಸಾಲೇ ಒಳ್ಳೆಯ ಸಾಲು. ಅವನು ಹೊರಗಿನಿಂದ ಏನೂ ತಂದು ಅಂಟಿಸಲಿಲ್ಲ. ಹಳೆಯ ಪಾಠದಲ್ಲಿ ಭೂಮಿಗೆ ಬಿದ್ದ ಮಾತಿನ ದಾರಿ ಹಿಡಿದು ಆಕಾಶದ ತನಕ ಹೋದ, ಅಷ್ಟೇ. ರಕ್ತ, ಹಿಮ, ಬರ, ಮೂರನ್ನೂ ಆಜ್ಞೆ ಮಾಡಿದ ಹಾಗೆ ಕೇಳುವ ಹೆಂಗಸು ಅದರ ಹತ್ತು ನಿಮಿಷ ಮುಂಚೆ ಗೋಳಿಡುವುದಕ್ಕಿಂತ ಬೈಯುವುದೇ ಅವಳಿಗೆ ಒಪ್ಪುತ್ತದೆ. ಯೆ ತಾಂಗ್ ಇದ್ದಿದ್ದರೆ ನನ್ನನ್ನೂ ದುಡುಕ ಅನ್ನುತ್ತಿದ್ದ.

ಚೀನಾದ ಹೈಸ್ಕೂಲು ಪಠ್ಯದಲ್ಲಿ ಇವತ್ತಿಗೂ ಮೂರನೇ ಅಂಕ ಇದೆ. ಮಕ್ಕಳು ಉರು ಹೊಡೆಯುವುದು ತ್ಸಾಂಗ್‌ನ ಸಾಲನ್ನು. ಮೇಲೆ ಹೆಸರಿರುವುದು ಗುವಾನ್ ಹಾನ್‌ಚಿಂಗ್‌ನದ್ದು. ಪಾಠ ಮರೆತವರಿಗೂ ಒಂದು ಮಾತು ಉಳಿದಿರುತ್ತದೆ. ಬಸ್ಸಿನಲ್ಲಿ ಯಾರೋ ಮಾಡಿದ ತಪ್ಪಿಗೆ ತಾನು ಬೈಸಿಕೊಂಡರೂ ಸಾಕು, ಅವರು ಹೇಳುವುದು "ದೌ ಎಗಿಂತಲೂ ನನಗೆ ಅನ್ಯಾಯ ಆಯಿತು" ಅಂತ.